ಗುರುಮಲ್ಲನ ಮನೆ ಸೋಲಾರು

ಹೂಂಗುಟ್ಟೋರು ಇದ್ರೆ ಹೇಳ್ತೀನಿ, ಇಲ್ದಿದ್ರೆ ಎದ್ದೋಗಿ ಮಲಕ್ಕೊಳ್ರವ್ವಾ, ನನಗೇನು? ನನ್ನ ಬಾಯಿ ನೋವು ಉಳೀತದೆ. ಏನು, ಹೂಂ ಅಂದ್ರಾ? ಹಂಗಾದ್ರೆ ಕೇಳಿ.

ನಮ್ಮ ಮನೆ ಗೋಡೆಗೆ ಅಂಟ್ಕೊಂಡಂಗೇ ರಾಜಮ್ಮಣ್ಣಿ ಮನೆ. ಇಡ್ಲಿ ಮಾಡಿ ಬಾಗ್ಲಲ್ಲೇ ಮಾರೋಳು. ಅವಳಿಗೆ ಒಬ್ಬನೇ ಮಗ, ಗುರುಮಲ್ಲ ಅಂತ. ಆಳೆತ್ತರ ಬೆಳೆದಿದ್ದ, ಮೀಸೆನೂ ಬಂದಿತ್ತು, ಬುದ್ಧಿ ಮಾತ್ರ ದಾರೀಲಿ ಎಲ್ಲೋ ಕೂತ್ಕೊಂಡು ಬಿಟ್ಟಿತ್ತು. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಮ್ಮಿಯಿಲ್ಲ. "ಬಾಗ್ಲು ನೋಡ್ಕೋ ಮಗಾ" ಅಂದ್ರೆ ಬಾಗ್ಲನ್ನೇ ನೋಡ್ತಾ ನಿಂತ್ಕೊಳೋನು. ಹಸು ಒಳಗೆ ಹೋಗಿ, ಹಿಟ್ಟು ತಿಂದು, ಬಾಯಿ ಒರೆಸ್ಕೊಂಡು ಆಚೆಗೆ ಬಂದ್ರೂ ಸೈ!

"ಹಸು ಒಳಕ್ಕೆ ಹೋಯ್ತಲ್ಲೋ!"

"ಬಾಗ್ಲು ಎಲ್ಲೂ ಹೋಗ್ಲಿಲ್ಲ ಕಣವ್ವಾ!"

"ಯಾವ ಕಲ್ಲಿಗೆ ಹೂವು ಏರ್ಸಿ ನಿನ್ನ ಹೆತ್ನಪ್ಪಾ!" ಅಂತ ರಾಜಮ್ಮಣ್ಣಿ ಹಣೆ ಚಚ್ಕೊಳೋಳು. ಬಯ್ದ ಬಾಯಲ್ಲೇ ಎರಡು ಬಿಸಿ ಇಡ್ಲಿ ತಟ್ಟೆಗೆ ಹಾಕೋಳು. ತಾಯಿ ಅಲ್ವಾ.

ಒಂದು ಬುದ್ಧಿ ಮಾತ್ರ ಅವನ ತಲೇಲಿ ಭದ್ರವಾಗಿ ನಿಂತಿತ್ತು. "ಯಾರ ಮನೆ ಪಾತ್ರೆ ಬಂದ್ರೂ ಬರಿದು ಕಳಿಸ್ಬಾರ್ದು ಮಗಾ, ಏನಾದ್ರೂ ಹಾಕಿ ಕಳಿಸ್ಬೇಕು" ಅಂತ ಅವ್ವ ಹೇಳಿದ್ದು. ಒಂದ್ಸಲ ನಾನು ಬಟ್ಲಲ್ಲಿ ಹುಳಿ ಕಳ್ಸಿದ್ದೆ. ಅವ್ವ ಮನೇಲಿರ್ಲಿಲ್ಲ. ಬಟ್ಲು ವಾಪಸ್ಸು ಬಂತು, ಒಳಗೆ ಒಂದು ಬೀಗದ ಕೈ! ಅವರ ಮನೇದೇ ಬೀಗದ ಕೈ! ಅವತ್ತು ರಾಜಮ್ಮಣ್ಣಿ ಸಂತೆಯಿಂದ ಬಂದು, ಬೀಗ ಹಾಕಿದ್ದ ಬಾಗ್ಲು ನೋಡಿ ಜಗಲಿ ಮೇಲೆ ಕೂತು ಅತ್ತಿದ್ದೂ ಅತ್ತಿದ್ದೇ. ನಾನು ನಮ್ಮನೆ ಒಳಗೆ ನಿದ್ದೆ ಹೊಡೀತಿದ್ದೆ, ಬೀಗದ ಕೈ ನನ್ನ ಸೊಂಟದಲ್ಲಿತ್ತು. ಹೂಂ ಅನ್ರವ್ವಾ, ನಿದ್ದೆ ಬಂತಾ?

ರಾಜಮ್ಮಣ್ಣಿ ರುಬ್ಬುಗುಂಡು ತಿರುಗ್ಸಿ ತಿರುಗ್ಸಿ ಬಲಗೈ ಮಣಿಕಟ್ಟು ಊದ್ಕೊಂಡು ಹೋಗಿತ್ತು. ಒಂದು ಚೊಂಬು ಎತ್ತೋಕೂ ಎಡಗೈ ಬೇಕು. ಅದಕ್ಕೇ ಕರೆಂಟು ಗ್ರೈಂಡ್ರು ತಗೊಂಡ್ಲು. ಕರೆಂಟು ಬಿಲ್ಲು ಏರ್ತು ಅಂತ ನಮ್ಮ ಹೆಣ್ಮಕ್ಕಳ ಸಂಘದೋರು ಮುಂದೆ ನಿಂತು ಮಾಳಿಗೆ ಮೇಲೆ ಸೋಲಾರು ಹಾಕ್ಸಿಕೊಟ್ರು. ನಯಾಜ್ ಅಂತ ಒಳ್ಳೇ ಹುಡುಗ ಬಂದು ಕೂರಿಸ್ದ. "ಇನ್ನು ಚಿಂತೆ ಬಿಡಿ ಅಮ್ಮಾ, ಬಿಸ್ಲಿಗೆ ಯಾರೂ ಬಿಲ್ಲು ಕಳ್ಸಲ್ಲ" ಅಂದ.

ತಿಂಗಳಾಯ್ತು. ಬಿಲ್ಲು ಬಂತು. ಸೋಲಾರು ಇಲ್ದಾಗ ಬರ್ತಿದ್ದಕ್ಕಿಂತ ಜಾಸ್ತಿ ಬಂತು!

"ದೇವೀರಕ್ಕಾ" ಅಂತ ಅಳ್ತಾ ಬಂದ್ಲು ನಮ್ಮನೆಗೆ. "ಇದನ್ನ ಕಟ್ಟೋಕೆ ನನ್ನ ಕೈಲಾಗಲ್ಲ. ಕಟ್ದಿದ್ರೆ ಲೈನು ಕಿತ್ತಾಕ್ತಾರೆ. ಲೈನು ಹೋದ್ರೆ ಗ್ರೈಂಡ್ರು ನಿಲ್ತದೆ, ಗ್ರೈಂಡ್ರು ನಿಂತ್ರೆ ಇಡ್ಲಿ ನಿಲ್ತದೆ. ಮತ್ತೆ ಗುಂಡು ಹಿಡಿಯೋಕೆ ಈ ಕೈಲಿ ಶಕ್ತಿ ಎಲ್ಲಿ ಅದೆ ಅಕ್ಕಾ?"

ನಯಾಜ್‌ಗೆ ಫೋನು ಮಾಡಿದ್ಲು. "ಧೂಳು ಕೂತಿರ್ಬೇಕಮ್ಮಾ, ತೊಳ್ಸಿ" ಅಂದ. ರಾಜಮ್ಮಣ್ಣಿ ಮಗನ್ನ ಕರೆದ್ಲು. "ಮಲ್ಲಾ, ಮಾಳಿಗೆ ಮೇಲೆ ಹೋಗಿ ಸೋಲಾರು ತೊಳಿ. ಹೆಂಗೆಂಗೋ ತೊಳೀಬೇಡ. ದೇವರ ಸಾಮಾನು ತೊಳೆದಂಗೆ ತೊಳಿ!"

ಹೋದ. ಹೇಳಿದಂಗೇ ಮಾಡ್ದ. ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಮ್ಮಿಯಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿದ, ನೀರು ಹುಯ್ದ, ಮಡಿಬಟ್ಟೇಲಿ ಒರೆಸ್ದ. ದೇವರ ಸಾಮಾನು ತೊಳೆದ ಮೇಲೆ ಬಿಡ್ತಾರಾ? ಒಂದೊಂದಕ್ಕೂ ಅಡ್ಡಡ್ಡ ಮೂರ್ಮೂರು ಪಟ್ಟೆ ವಿಭೂತಿ ಬಳಿದ, ದಪ್ಪಕ್ಕೆ! ಮೇಲೆ ಚೆಂಡುಹೂವು ಏರ್ಸಿದ. ಊದುಬತ್ತಿ ಹಚ್ಚಿ ಕೈ ಮುಗಿದು ಕೂತ.

ಅವ್ವ ಬಂದು ನೋಡಿದ್ಲು. "ಅಯ್ಯೋ ನಿನ್ನ ಮನೆ ಕಾಯ್ವಾಗ! ಧೂಳು ತೆಗಿ ಅಂದ್ರೆ ಬೂದಿ ಬಳಿದ್ಯಲ್ಲೋ!"

"ನೀನೇ ಅಲ್ವವ್ವಾ ಹೇಳಿದ್ದು, ದೇವರ ಸಾಮಾನಂಗೆ ಅಂತ!"

"ಇನ್ಮೇಲೆ ಅದರ ಮೇಲೆ ಏನೂ ಬೀಳ್ದಂಗೆ ನೋಡ್ಕೋ! ಬೂದಿ ಬೀಳ್ಬಾರ್ದು, ಧೂಳು ಬೀಳ್ಬಾರ್ದು, ಕಾಗೆ ಹಿಕ್ಕೆ ಬೀಳ್ಬಾರ್ದು!"

"ಆಗ್ಲವ್ವಾ. ಏನೂ ಬೀಳಾಕಿಲ್ಲ."

ಬೀಳ್ಲಿಲ್ಲ ಕಣ್ರವ್ವಾ. ಏನಂದ್ರೆ ಏನೂ ಬೀಳ್ಲಿಲ್ಲ. ಟಾರ್ಪಾಲು ತಂದು ಮುಚ್ಚಿ, ನಾಲ್ಕು ಮೂಲೆಗೂ ಹಗ್ಗ ಬಿಗಿದಿದ್ದ! ಮಣಿಕಟ್ಟು ನೋವಲ್ಲಿ ರಾಜಮ್ಮಣ್ಣಿ ಮಾಳಿಗೆ ಹತ್ಲೇ ಇಲ್ಲ. ತಿಂಗಳು ಕಳೀತು, ಬಿಲ್ಲು ಬಂತು. ಇದೇನು ಸೋಜಿಗವೋ, ಈ ಸಲ ಕಮ್ಮಿ ಬಂತು! "ತೊಳೆದಿದ್ದಕ್ಕೆ ಕಮ್ಮಿ ಆಯ್ತು ದೇವೀರಕ್ಕಾ!" ಅಂತ ಹಿಗ್ತಾ ಹಪ್ಪಳ ಒಣಗ್ಸೋಕೆ ಮೇಲೆ ಹೋದ್ಲು. ಹೋಗಿ ನೋಡಿದ್ರೆ ಟಾರ್ಪಾಲು!

"ಲೋ! ಏನೂ ಬೀಳ್ಬಾರ್ದು ಅಂದ್ರೆ ಬಿಸ್ಲೂ ಬೀಳ್ಬಾರ್ದಾ?"

"ಬಿಸ್ಲು ಬಿಟ್ಟು ಅಂತ ನೀನು ಹೇಳ್ಲಿಲ್ಲವಲ್ಲವ್ವಾ!"

"ಮತ್ತೆ ಬಿಲ್ಲು ಕಮ್ಮಿ ಬಂದಿದ್ದು ಹೆಂಗೋ?"

"ನನಗೇನು ಗೊತ್ತು? ಮುಚ್ಚಿದ್ದಕ್ಕೇನೋ."

"ಮುಚ್ಚೋ ಬಾಯಿ!" ಅಂತ ಗದರಿದ್ಲು. ಅವನು ತಕ್ಷಣ ಎರಡೂ ಕೈಲಿ ಬಾಯಿ ಮುಚ್ಕೊಂಡ. ಅವತ್ತು ಅವನ ಬಾಯಿ ತೆಗೆಸೋಷ್ಟರಲ್ಲಿ ಹೊತ್ತು ಮುಳುಗಿತ್ತು. ನಾವಾದ್ರೂ ಅವನ ಮಾತು ಕೇಳ್ಬೋದಿತ್ತು. ಪೆದ್ದನ ಮಾತು ಯಾರು ಕೇಳ್ತಾರೆ?

ಟಾರ್ಪಾಲು ತೆಗೆದ್ರು. ಮುಂದಿನ ಬಿಲ್ಲು ಮತ್ತೆ ಜಾಸ್ತಿ! ಈ ಸಲ ನಯಾಜ್ ಫೋನಲ್ಲಿ "ಎಲ್ಲೋ ನೆರಳು ಬೀಳ್ತಿರ್ಬೇಕಮ್ಮಾ" ಅಂದ. ಅವ್ವ ಮಗನಿಗೆ, "ಮಲ್ಲಾ, ಸೋಲಾರಿಗೆ ನೆರಳು ಮಾಡೋದು ಯಾವ್ದಿದ್ರೂ ಕೆಳಕ್ಕೆ ಇಳ್ಸು!" ಅಂದ್ಲು.

ಹೋದ. ಸುತ್ತ ನೋಡ್ದ. ನೆರಳು ಮಾಡ್ತಿದ್ದಿದ್ದು ನೀರಿನ ಟ್ಯಾಂಕು! ಪೈಪು ಬಿಚ್ಚಿ, ನೀರೆಲ್ಲ ಬೀದಿಗೆ ಬಿಟ್ಟು, ಹಗ್ಗ ಕಟ್ಟಿ ಟ್ಯಾಂಕು ಇಳ್ಸಿದ. ಎಲ್ಲಿಗೆ? ಬಾಗ್ಲಿಗೆ ಸರಿಯಾಗಿ! ಬೆಳಿಗ್ಗೆ ಇಡ್ಲಿಗೆ ಬಂದೋರು ಆಚೆ, ರಾಜಮ್ಮಣ್ಣಿ ಈಚೆ, ಮಧ್ಯೆ ಟ್ಯಾಂಕು! ಅವರು ಟ್ಯಾಂಕಿನ ಮೇಲಿಂದ ತಟ್ಟೆ ಚಾಚೋರು, ಇವಳು ಮಣೆ ಹತ್ತಿ ಇಡ್ಲಿ ಹಾಕೋಳು.

"ಅಯ್ಯೋ ಕೂಸೇ, ಇನ್ನು ನಿನ್ನ ಎಲ್ಲಿಗೆ ಇಳಿಸ್ಲಿ ನಾನು!"

"ನನ್ನ ನೆರಳೂ ಬೀಳ್ತಿತ್ತು ಕಣವ್ವಾ. ಅದಕ್ಕೇ ನಾನೂ ಇಳಿದು ಬಂದೆ."

ಬಂದೋರೆಲ್ಲಾ ಸೇರಿ ಟ್ಯಾಂಕು ಪಕ್ಕಕ್ಕೆ ಉರುಳ್ಸಿದ್ರು. ನಾನೇ ಹೇಳ್ದೆ, "ಹೋಗ್ಲಿ ಬಿಡು ರಾಜಮ್ಮಣ್ಣಿ, ನಾನು ಕೇಳಿದೀನಿ, ಬಿಸ್ಲಿದ್ದಾಗ ಕರೆಂಟು ಖರ್ಚು ಮಾಡ್ಬೇಕಂತೆ, ರಾತ್ರಿ ಮುಟ್ಬಾರ್ದಂತೆ." ನನ್ನ ಬಾಯಿ ಸುಮ್ನಿರ್ಲಿಲ್ಲ ನೋಡಿ! ಮಾರನೇ ದಿನ ಸೂರ್ಯ ಹುಟ್ಟಿದ್ದೇ ತಡ, ಅದನ್ನ ಕೇಳಿಸ್ಕೊಂಡಿದ್ದ ಗುರುಮಲ್ಲ ದೀಪ, ಫ್ಯಾನು, ಮಿಕ್ಸಿ, ಟಿವಿ ಎಲ್ಲಾ ಹಾಕ್ದ. ಗ್ರೈಂಡ್ರೂ ಹಾಕ್ದ, ಒಳಗೆ ಒಂದು ಕಾಳು ಅಕ್ಕಿಯಿಲ್ಲ, ಕಲ್ಲಿಗೆ ಕಲ್ಲು ತಿಕ್ಕಿ ಗರಗರ ಅಂತದೆ! ಸಂಜೆ ಆದದ್ದೇ ಎಲ್ಲಾ ಆರ್ಸಿದ. ಅವ್ವ ಕತ್ತಲಲ್ಲಿ ಸಕ್ಕರೆ ಅಂತ ಉಪ್ಪು ಹಾಕಿ ಕಾಫಿ ಕೊಟ್ಲು, ನಾನು ಕುಡಿದೆ. ನಾನು ಕೊಟ್ಟ ಬುದ್ಧಿ ನಾನೇ ಕುಡಿದಂಗಾಯ್ತು.

ಅಷ್ಟರಲ್ಲಿ ಕರೆಂಟಾಫೀಸಿನೋರು ಬಂದು, "ನಾಳೆ ಸಂಜೆ ಒಳಗೆ ಕಟ್ಟಮ್ಮಾ, ಇಲ್ದಿದ್ರೆ ಲೈನು ತೆಗೀತೀವಿ" ಅಂತ ಹೇಳಿ ಹೋದ್ರು. ಪಾಪ, ಅವರ ಕೆಲಸ ಅವರದು. ರಾಜಮ್ಮಣ್ಣಿ ಹಿತ್ತಲಿಗೆ ಹೋಗಿ ಹಳೇ ರುಬ್ಬುಗುಂಡಿನ ಮೇಲಿದ್ದ ಮಣ್ಣು ತೊಳೆಯೋಕೆ ಶುರು ಮಾಡಿದ್ಲು, ಎಡಗೈಲಿ. ಗುರುಮಲ್ಲ ನೋಡ್ತಾ ನಿಂತಿದ್ದ.

"ಏನು ಮಾಡ್ಲವ್ವಾ? ಹೇಳು, ಮಾಡ್ತೀನಿ."

"ಏನೂ ಮಾಡ್ಬೇಡ! ಮನೇಲಿರೋ ಸ್ವಿಚ್ಚೆಲ್ಲಾ ಆರ್ಸು, ಒಂದು ಮಿಣುಕೂ ಇರ್ಬಾರ್ದು! ಹೋಗಿ ಆ ಹಾಳು ಮೀಟ್ರು ಮುಂದೆ ಕೂತ್ಕೋ! ಓಡಿದ್ರೆ ಕೂಗು, ಇಲ್ದಿದ್ರೆ ನನ್ನ ಕಣ್ಣಿಗೆ ಬೀಳ್ಬೇಡ!"

ಹೋದ. ಆರ್ಸಿದ. ಕೂತ. ಮಟಮಟ ಮಧ್ಯಾಹ್ನ.

"ಅವ್ವಾ, ಓಡ್ತಾ ಅದೆ!"

"ಸುಳ್ಳು! ಎಲ್ಲಾ ಆರ್ಸಿದ್ಯಾ?"

"ಆರ್ಸಿದೀನವ್ವಾ! ಓಡ್ತಾ ಅದೆ! ಈಗ ಮೋಡ ಬಂತು, ನಡೀತಾ ಅದೆ! ಮೋಡ ಹೋಯ್ತು, ಮತ್ತೆ ಓಡ್ತಾ ಅದೆ!"

ಅವಳೂ ಬಂದ್ಲು, ನಾನೂ ಹೋದೆ. ಮನೆಯೊಳಗೆ ಫ್ಯಾನಿಲ್ಲ, ದೀಪವಿಲ್ಲ. ಮೀಟ್ರಿನ ಕೆಂಪು ದೀಪ ಮಾತ್ರ ಮಿಣಮಿಣ ಅಂತದೆ, ಅಂಕಿ ಏರ್ತಾನೇ ಅದೆ! ಬಿಸ್ಲು ಜೋರಾದ್ರೆ ಜೋರು, ಮೋಡ ಬಂದ್ರೆ ನಿಧಾನ. ಫೋನಲ್ಲಿ ಇದನ್ನ ಕೇಳಿದ್ದೇ ತಡ, ನಯಾಜ್ ಗಾಡಿ ಹತ್ತಿ ಓಡಿ ಬಂದ. ಮೀಟ್ರು ನೋಡಿ ತಲೆ ಮೇಲೆ ಕೈಯಿಟ್ಕೊಂಡ.

"ತಪ್ಪು ನಂದೇ ಅಮ್ಮಾ! ಮೀಟ್ರು ಬದಲಾಯ್ಸೋಕೆ ಮುಂಚೆನೇ ಸೋಲಾರು ಚಾಲೂ ಮಾಡ್ಬಿಟ್ಟಿದೀನಿ. ನಿಮ್ಮ ಖರ್ಚು ಕಳೆದು ಉಳಿದ ಕರೆಂಟು ಬೀದಿಗೆ ಹೋಗ್ತದೆ. ಈ ಹಳೇ ಮೀಟ್ರಿಗೆ ಕೊಟ್ಟಿದ್ದು ಯಾವುದು, ತಗೊಂಡಿದ್ದು ಯಾವುದು ಗೊತ್ತಾಗಲ್ಲ. ಕೊಟ್ಟಿದ್ದನ್ನೂ ತಗೊಂಡಿದ್ದು ಅಂತಾನೇ ಸೇರಿಸ್ತಾ ಅದೆ!"

"ಅಂದ್ರೆ" ಅಂದ್ಲು ರಾಜಮ್ಮಣ್ಣಿ, "ದೇವೀರಕ್ಕನ ಮನೆಗೆ ನಾನು ಬಟ್ಲು ತುಂಬ ಹುಳಿ ಕಳ್ಸಿದ್ರೆ, ನಾನೇ ಇಸ್ಕೊಂಡೆ ಅಂತ ಊರಿಗೆಲ್ಲಾ ಸಾರಿದಂಗೆ!"

"ಅದೇ ಅಮ್ಮಾ! ಟಾರ್ಪಾಲು ಮುಚ್ಚಿದ್ದಾಗ ಬೀದಿಗೆ ಹೋಗೋಕೆ ಏನೂ ಇರ್ಲಿಲ್ಲ, ಅದಕ್ಕೇ ಬಿಲ್ಲು ಕಮ್ಮಿ ಬಂತು."

"ಹೇಳಿದ್ನಲ್ಲವ್ವಾ" ಅಂದ ಗುರುಮಲ್ಲ, "ಮುಚ್ಚಿದ್ದಕ್ಕೇನೋ ಅಂತ."

ನಯಾಜ್ ತಾನೇ ಆಫೀಸಿಗೆ ಓಡಾಡ್ದ. ಲೈನು ತೆಗೀಲಿಲ್ಲ. ಹೋಗೋದು ಬೇರೆ, ಬರೋದು ಬೇರೆ ಲೆಕ್ಕ ಇಡೋ ಹೊಸ ಮೀಟ್ರು ಬಂತು, ಹೆಚ್ಚಿಗೆ ಬಂದಿದ್ದನ್ನೂ ತಿದ್ದಿಕೊಟ್ರು. ಟ್ಯಾಂಕು ಮಾಳಿಗೆ ಹತ್ತಿ ಬೇರೆ ಮೂಲೆ ಸೇರ್ತು. ಆಮೇಲೆ ಬಂದ ಬಿಲ್ಲು ಹಿಡ್ಕೊಂಡು ರಾಜಮ್ಮಣ್ಣಿ ಮತ್ತೆ ಅತ್ಲು, ಈ ಸಲ ಸಂತೋಷಕ್ಕೆ. ಇಷ್ಟು ದಿನ ಹಗಲೊತ್ತು ನಮ್ಮನೆ ಫ್ಯಾನು ತಿರುಗ್ತಿದ್ದಿದ್ದೂ ಅವಳ ಮಾಳಿಗೆ ಕರೆಂಟಲ್ಲೇ ಇರ್ಬೇಕಂತೆ, ನಯಾಜ್ ಹೇಳ್ದ. ಕೊಟ್ಟೋಳಿಗೂ ಗೊತ್ತಿಲ್ಲ, ಇಸ್ಕೊಂಡೋಳಿಗೂ ಗೊತ್ತಿಲ್ಲ. ನಾನು ಅವಳ ಊದ್ಕೊಂಡ ಕೈ ಹಿಡ್ಕೊಂಡು ಕಣ್ಣಿಗೆ ಒತ್ಕೊಂಡೆ. "ಬಿಡಕ್ಕಾ" ಅಂದ್ಲು, "ಈ ಕೈ ಉಳ್ಸಿದೋನು ನನ್ನ ಮಗ."

ಮಗನ ತಲೆ ಸವರಿದ್ಲು. "ಮಲ್ಲಾ, ನಾನು ಹೇಳಿದಂಗೆ ನೀನು ಕೂತಿದ್ದಕ್ಕೆ ಬದುಕ್ದೆ ಕಣಪ್ಪಾ. ಇವತ್ತು ಹೊಸ ಹಿಟ್ಟಿನ ಇಡ್ಲಿ. ನಮಗೆ ಉಪಕಾರ ಮಾಡಿದೋರಿಗೆಲ್ಲಾ ಕೊಟ್ಟು ಬಾ, ಒಬ್ಬರನ್ನೂ ಬಿಡ್ಬೇಡ."

ನಯಾಜ್‌ಗೆ ಕೊಟ್ಟ. ಸಂಘದೋರಿಗೆ ಕೊಟ್ಟ. ಲೈನ್‌ಮ್ಯಾನಿಗೆ ಕೊಟ್ಟ. ನನಗೂ ಕೊಟ್ಟ, ಮಲ್ಲಿಗೆ ಹೂವಂಗಿತ್ತು. ಆಮೇಲೆ ಆಳೇ ಇಲ್ಲ. ಹುಡ್ಕೊಂಡು ನಾವಿಬ್ರೂ ಮಾಳಿಗೆ ಹತ್ತಿದ್ವಿ. ನೋಡ್ತೀವಿ, ಒಂದೊಂದು ಸೋಲಾರಿನ ಮೇಲೂ ಸಾಲಾಗಿ ಇಡ್ಲಿ, ಪಕ್ಕದಲ್ಲಿ ಚಟ್ನಿ! ಗುರುಮಲ್ಲ ಟವಲು ಬೀಸಿ ಕಾಗೆ ಓಡಿಸ್ತಾ ನಿಂತವ್ನೆ!

"ಲೋ! ಇದೇನೋ ಇದು!"

"ಸೂರ್ಯಪ್ಪನ ತಟ್ಟೆ ಅಲ್ವವ್ವಾ ಇವು? ದಿನಾ ತುಂಬಿಸಿ ಕಳಿಸ್ತಾನೆ. ನಾವು ದಿನಾ ಬರಿದೇ ಕಳಿಸ್ತಾ ಇದೀವಿ. ಬಂದ ಪಾತ್ರೆ ಬರಿದು ಕಳಿಸ್ಬಾರ್ದು ಅಂತ ನೀನೇ ಅಲ್ವಾ ಹೇಳಿದ್ದು!"

ರಾಜಮ್ಮಣ್ಣಿ ಸೆರಗಲ್ಲಿ ಕಣ್ಣು ಒರೆಸ್ಕೊಂಡು, ಅಲ್ಲೇ ನೆಲದ ಮೇಲೆ ಕೂತ್ಲು. ಒಂದು ಇಡ್ಲಿ ಎತ್ಕೊಂಡ್ಲು, ನನ್ನ ಕೈಗೂ ಒಂದು ಕೊಟ್ಲು.

"ಹೋಗ್ಲಿ ಬಾರಪ್ಪಾ, ಅವನ ಜೊತೆ ನಾವೂ ಒಂದು ತುತ್ತು ತಿನ್ನಾನ. ಬರೀ ಇಡ್ಲಿ ಗಂಟಲಲ್ಲಿ ಇಳಿಯಲ್ಲ, ಒಂದು ಚೊಂಬು ಸಾಂಬಾರು ತಂದು ಹುಯ್ಯಿ."

ಓಡ್ದ. ತಂದ. ಹುಯ್ದ. ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಮ್ಮಿಯಿಲ್ಲ, ಈ ತುದಿ ಸೋಲಾರಿಂದ ಆ ತುದಿ ಸೋಲಾರಿನ ತನಕ ಒಂದನ್ನೂ ಬಿಡದಂಗೆ ಹುಯ್ದ! ಖಾಲಿ ಚೊಂಬು ಕೆಳಗಿಟ್ಟು, ಸೂರ್ಯನ್ನ ನೋಡಿ ಕೈ ಮುಗಿದ.

"ಇನ್ನು ಇಳೀತದೆ ಬಿಡವ್ವಾ!"