ಅಧ್ಯಕ್ಷರ ಭಾಷಣ, ಕೆರೆಯ ಮೀನು

ಗಾಲಿಕುರ್ಚಿಯವರಿಗೂ ಕಣ್ಣು ಕಾಣದವರಿಗೂ ಅಂದು ಕೆರೆಯಲ್ಲಿ ಮೀನು ಹಿಡಿಯುವ ದಿನ. ಊರಿನ ಅಂಬಿಗ ಇಳಿಜಾರು ಹಲಗೆ ಹಾಕಿ, ಅವರನ್ನೆಲ್ಲ ನೀರಿನಂಚಿಗೆ ಕರೆತಂದಿದ್ದ. ಅಷ್ಟರಲ್ಲಿ ಪಂಚಾಯತಿ ಅಧ್ಯಕ್ಷ ದ್ಯಾವಪ್ಪ ಬಂದು ಗುಡುಗಿದ: "ನನ್ನ ಭಾಷಣ ಮುಗಿಯೋ ತನಕ ಒಂದು ಗಾಳವೂ ನೀರಿಗೆ ಬೀಳಕೂಡದು!"

ಅವನ ಭಾಷಣ ಮಧ್ಯಾಹ್ನಕ್ಕೆ ಮೊದಲು ಮುಗಿದದ್ದೇ ಇಲ್ಲ.

"ಬಿಸಿಲೇರಿದರೆ ಮೀನು ತಳ ಸೇರುತ್ತೆ ಕಣಣ್ಣ. ನಾವು ಬಂದದ್ದು ಭಾಷಣ ಹಿಡಿಯೋಕಾ?" ಎಂದು ಗಾಲಿಕುರ್ಚಿಯ ಜುಬೇದಾ ಅಂಬಿಗನನ್ನು ಕೇಳಿದಳು.

ಅಂಬಿಗ ಅಧ್ಯಕ್ಷನಿಗೆ ಕೈಮುಗಿದ. "ಬುದ್ಧೀ, ಇಲ್ಲಿ ನಿಂತರೆ ತಮ್ಮನ್ನು ಯಾರು ನೋಡ್ತಾರೆ? ಕೆರೆ ನಡುವೆ ಹರಿಗೋಲಿನಲ್ಲಿ ನಿಂತು ಮಾತಾಡಿ. ಎದುರು ಏರಿ ಮೇಲೆ ಸೇರಿರೋ ಊರವರೆಲ್ಲ ನೋಡಲಿ."

ಅಧ್ಯಕ್ಷ ಉಬ್ಬಿ ಹರಿಗೋಲು ಹತ್ತಿದ. ಅಂಬಿಗ ಅವನ ಮುಖವನ್ನು ಏರಿಗೆ, ಬೆನ್ನನ್ನು ಗಾಳದವರಿಗೆ ತಿರುಗಿಸಿ ನಿಲ್ಲಿಸಿದ. ಬಲೆಗಾರರು ನೀರು ಬಡಿದು ಮೀನನ್ನು ದಡಕ್ಕೆ ಅಟ್ಟುತ್ತಾರಲ್ಲ, ಆ ಕೆಲಸವನ್ನು ಅಧ್ಯಕ್ಷನೇ ಮಾಡಿದ. ಒಂದೊಂದು ಮಾತಿಗೂ ಹರಿಗೋಲಿನ ತಳಕ್ಕೆ ಕಾಲು ಕುಟ್ಟಿದ. ಬೆದರಿದ ಮೀನುಗಳು ದಡಕ್ಕೆ ಓಡಿಬಂದು, ಭಾಷಣಕ್ಕಿಂತ ಗಾಳವೇ ವಾಸಿ ಎಂಬಂತೆ ಕಚ್ಚಿದವು. ಮೀನು ಸಿಕ್ಕಾಗಲೆಲ್ಲ ಚಪ್ಪಾಳೆ. ಚಪ್ಪಾಳೆ ಕೇಳಿ ಅವನು ಇನ್ನೂ ಜೋರಾಗಿ ಕುಟ್ಟಿದ.

ದಡ ಸೇರಿದವನು ಬೆವರೊರೆಸುತ್ತ, "ಇಷ್ಟು ಚಪ್ಪಾಳೆ ನನಗೆ ಯಾವತ್ತೂ ಬಿದ್ದಿರಲಿಲ್ಲ ಕಣೋ!" ಎಂದ.

ಜುಬೇದಾ ತುಂಬಿದ ಬುಟ್ಟಿಯನ್ನು ಸೆರಗಿನಿಂದ ಮುಚ್ಚಿದಳು. "ಊಟ ಮುಗಿಸಿ ಇನ್ನೊಂದು ಭಾಷಣ ಮಾಡಿ ಸ್ವಾಮಿ. ದೊಡ್ಡವು ಇನ್ನೂ ಒಳಗೇ ಇವೆ."