ಜವರಮ್ಮನ ಸಿಂಗಾಪುರ ಸವಾರಿ

ಬನ್ನಿ, ಹತ್ರ ಕೂತ್ಕಳಿ. ನಗು ಬಂದ್ರೆ ನಕ್ಕುಬಿಡಿ, ಜವರಮ್ಮನ ಮುಂದೆ ಮಾತ್ರ ನಗಬೇಡಿ!

ಮದ್ದೂರಲ್ಲಿ ಇಡ್ಲಿ ಹೋಟ್ಲು ಅವಳ್ದು. ಗಂಡ ಇಲ್ಲ. ಇರೋನು ಒಬ್ಬನೇ ಮಗ, ಚಿಕ್ಕೀರ. ಆಳು ಆರಡಿ, ಬುದ್ಧಿ ಗೇಣು. 'ಬಾಗಿಲು ನೋಡ್ಕೊ' ಅಂದ್ರೆ ಬಾಗಿಲನ್ನೇ ಪಿಳಿಪಿಳಿ ನೋಡ್ತಾ ಕೂರೋನು. 'ಇವನ್ನ ಹೆತ್ತು ನಾನೇನು ಸುಖ ಕಂಡೆ' ಅಂತ ತಾಯಿ ದಿನಾ ತಲೆ ಚಚ್ಕೊಳ್ಳೋಳು.

ಅವಳಿಗೆ ಇದ್ದದ್ದು ಒಂದೇ ಆಸೆ. ಫಾರಿನ್ನಿಗೆ ಹೋಗಬೇಕು, ಭಾರೀ ಹೋಟ್ಲಲ್ಲಿ ಇಳೀಬೇಕು, ಯಾರೋ ಬೇಯಿಸಿದ್ದನ್ನ ಕಾಲ್ಮೇಲೆ ಕಾಲು ಹಾಕ್ಕಂಡು ತಿನ್ನಬೇಕು. ಮೆಂತ್ಯದ ಡಬ್ಬೀಲಿ ವಿಮಾನದ ದುಡ್ಡು, ಸಾಸಿವೆ ಡಬ್ಬೀಲಿ ಹೋಟ್ಲಿನ ದುಡ್ಡು, ಅರಿಶಿನದ ಡಬ್ಬೀಲಿ ಸುತ್ತಾಟದ ದುಡ್ಡು ಕೂಡಿಟ್ಟಿದ್ದಳು.

ಮೈದುನ ಕರಿಗೌಡ ಕಿಸಕ್ಕನೆ ನಕ್ಕ. "ಅಲ್ಲ ಅತ್ತಿಗೆ, ಇಡ್ಲಿ ಬೇಯಿಸೋಳಿಗೆ ಸಿಂಗಾಪುರವಾ? ಅದೂ ಈ ಪೆದ್ದನ್ನ ಕಟ್ಕಂಡು?"

"ಹೋಗೇ ಹೋಯ್ತೀನಿ! ಅಡ್ಡ ಬಂದೋರ್ನ ದಾಟ್ಕಂಡು ಹೋಯ್ತೀನಿ!"

ಮಗನ್ನ ಕರೆದಳು. "ಲೋ, ಟಿಕೆಟ್ ಏಜೆಂಟ್ ಹತ್ರ ಹೋಗು. ಅವನು ಏನೇ ಹೇಳಲಿ, ನೀನು ಅರ್ಧಕ್ಕೆ ಕೇಳು."

ಹೋದ. ಏಜೆಂಟ್ ಕೇಳಿದ, "ಎಷ್ಟು ಜನ, ಇಬ್ಬರಾ?"

"ಒಬ್ಬರು!"

"ಆರು ದಿನಾನಾ?"

"ಮೂರು!"

"ಫೈವ್ ಸ್ಟಾರ್ ಹೋಟ್ಲಾ?"

"ಎರಡೂವರೆ!"

"ಹೋಗಿ ಬರೋಕೆ ತಾನೇ?"

"ಹೋಗೋಕೆ ಸಾಕು!"

ಕೇಳಿ ಜವರಮ್ಮ ಕೂಗಾಡಿದಳು. "ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಬರೋವಾಗ ಈಜ್ಕಂಡು ಬರ್ಲಾ? ಇನ್ಮೇಲೆ ದೊಡ್ಡೋರು ಏನು ಕೇಳಿದ್ರೂ ಕೈ ಮುಗಿದು 'ಹೌದು ಸಾ' ಅನ್ನು!"

ಆಯ್ತು, ಟಿಕೆಟ್ಟು ಅವಳೇ ಹೋಗಿ ಮಾಡಿಸಿದಳು. ಪಾಸ್‌ಪೋರ್ಟ್ ವಿಚಾರಣೆಗೆ ಪೊಲೀಸಪ್ಪ ಮನೆಗೇ ಬಂದ. "ಜವರಮ್ಮನ ಮನೆ ಇದೇನಾ?"

"ಹೌದು ಸಾ!"

"ಅವಳ ಮೇಲೆ ಕೇಸ್ ಗೀಸ್ ಏನಾದ್ರೂ?"

"ಹೌದು ಸಾ!"

"ಕಳ್ಳತನವೇನೋ?"

"ಹೌದು ಸಾ!"

"ಕೊಲೆನೂ ಮಾಡವಳಾ?"

"ಹೌದು ಸಾ!"

ಜವರಮ್ಮ ಸೌಟು ಹಿಡ್ಕಂಡೇ ಓಡಿ ಬಂದಳು. "ಅಯ್ಯೋ ಸಾ, ಇವನು ಪೆದ್ದ! ನಾನು ಕೊಂದಿರೋದು ಜಿರಳೆ ಮಾತ್ರ! ಬೇಕಾದ್ರೆ ಬೀದಿಯೋರ್ನ ಕೇಳಿ!" ಬೀದಿಯೋರೆಲ್ಲ ಬಂದು ಹೇಳಿದ ಮೇಲೆ ಪೊಲೀಸಪ್ಪ ನಗ್ತಾ ಹೋದ.

"ಈಗ್ಲೂ ಹೋಯ್ತೀಯಾ ಅತ್ತಿಗೆ?" ಅಂದ ಕರಿಗೌಡ.

"ಹೋಗೇ ಹೋಯ್ತೀನಿ!" ಅಂದವಳೇ ಮಗನ ಕಿವಿ ಹಿಂಡಿದಳು. "ನೀನು ಮಾತೇ ಆಡಬೇಡ. ಬ್ಯಾಗ್ ಹಿಡ್ಕೊ. ಅದು ಎಲ್ಲಿಗೆ ಹೋಯ್ತದೋ ನೀನೂ ಅಲ್ಲಿಗೇ ಹೋಗು!"

ವಿಮಾನ ನಿಲ್ದಾಣ. ಬ್ಯಾಗನ್ನ ಉರುಳೋ ಪಟ್ಟಿ ಮೇಲೆ ಇಟ್ರು. ಚಿಕ್ಕೀರನೂ ಹತ್ತಿ ಕೂತ. ರಬ್ಬರ್ ಪರದೆ ಸರಿಸ್ಕಂಡು ಒಳಕ್ಕೆ ಹೋಗೇಬಿಟ್ಟ! ನಾಲ್ಕು ಜನ ಎಳ್ಕಂಡು ಬಂದ್ರು. ಅಷ್ಟರಲ್ಲೇ ಹಣೆ ಮೇಲೆ ಲಗೇಜ್ ಚೀಟಿ ಬೇರೆ ಅಂಟಿಸಿದ್ರು.

"ಥೂ ನಿನ್ನ! ಏನೂ ಮಾಡಬೇಡ ನೀನು! ಸೀಟಲ್ಲಿ ಕೂತ್ಕೊ, ನಾನು 'ಏಳು' ಅನ್ನೋಗಂಟ ಏಳಬೇಡ!"

ತಾಯಿಗೆ ಮುಂದಿನ ಸೀಟು, ಮಗನಿಗೆ ಕೊನೇದು. ಸಿಂಗಾಪುರ ಬಂತು. ಮಗ ಹಿಂದೇನೇ ಬತ್ತಾವ್ನೆ ಅಂತ ಜವರಮ್ಮ ಇಳಿದು ನಡೆದಳು. ಅವನು ಏಳಲಿಲ್ಲ. ಎಬ್ಬಿಸೋಕೆ ಬಂದೋರ್ಗೆಲ್ಲ "ಅವ್ವ ಹೇಳಿಲ್ಲ" ಅಂದ. ಸಾಕಾಗಿ ವಿಮಾನ ಅವನ್ನ ಕೂರಿಸ್ಕಂಡೇ ಬೆಂಗ್ಳೂರಿಗೆ ವಾಪಸ್ ಹಾರ್ತು.

ಮಾರನೇ ಬೆಳಿಗ್ಗೆ ಭಾರೀ ಹೋಟ್ಲಲ್ಲಿ ಜವರಮ್ಮನ ಮುಂದೆ ತಟ್ಟೆ ತುಂಬ ತಿಂಡಿ. ಮಗ ಪಕ್ಕದ ರೂಮಲ್ಲಿ ಇನ್ನೂ ಮಲಗವ್ನೆ ಅಂದ್ಕಂಡಿದ್ದಳು. ಅಷ್ಟೊತ್ತಿಗೆ ಫೋನು.

"ಅವ್ವಾ, ಬೆಂಗ್ಳೂರಲ್ಲಿದ್ದೀನಿ. ಏಳ್ಲಾ?"

ಎತ್ತಿದ ತುತ್ತು ತಟ್ಟೆಗೆ ಇಳಿಸಿದಳು. ಮಗ ಅಲ್ಲಿ ಎದ್ದು ಊರಿಗೆ ಹೋದ್ರೆ ಕರಿಗೌಡ ಗೆದ್ದಂಗೇ ಅಲ್ವಾ? ಬಿಟ್ಟುಕೊಟ್ಟಾಳಾ ಅವಳು!

"ಏಳಬೇಡ ಮಗ! ಅದೇ ವಿಮಾನ ಮತ್ತೆ ಇಲ್ಲಿಗೇ ಬತ್ತದಂತೆ. ಕೂತ್ಕಂಡೇ ಬಾ!"

ಕೊನೇ ತುತ್ತೂ ನಿಧಾನಕ್ಕೆ ತಿಂದು, ಬಾಯೊರೆಸ್ಕಂಡು, ವಿಮಾನ ನಿಲ್ದಾಣಕ್ಕೆ ಹೋಗಿ ಕಾದಳು. ವಿಮಾನ ಬಂತು. ಎಲ್ಲರೂ ಇಳಿದ್ರು. ಚಿಕ್ಕೀರ ಇಳೀಲಿಲ್ಲ.

ಅವ್ವ 'ಬಾ' ಅಂದಿದ್ದಳು, ಬಂದಿದ್ದ. 'ಏಳು' ಅಂತ ಎಲ್ಲಿ ಅಂದಿದ್ದಳು?