ವರದಾನಂ ಅಯ್ಯನವರೂ ಸಿಟ್ಟಿನ ಫಕೀರವ್ವನೂ

ಕ್ರೈಸ್ತರ ಸಮಾಧಾನ ಸಭೆಯ ಮೂಲಪುರುಷರಾದ ಪೂಜ್ಯ ವರದಾನಂ ಅಯ್ಯನವರು ಮುಪ್ಪಿನಲ್ಲಿ ವಾಸವಾಗಿದ್ದುದು ಕರಡಿಕಟ್ಟೆ ರೈಲು ನಿಲ್ದಾಣದ ಮಗ್ಗುಲಿನ ಒಂದು ಕೋಣೆಯಲ್ಲಿ. ಹಳೆಯ ಸ್ಲೀಪರ್ ಹಲಗೆಗಳ ಗೋಡೆ, ತಗಡಿನ ಮಾಡು, ನೆಲದ ಮೇಲೊಂದು ಚಾಪೆ. ಗೂಡ್ಸ್ ಗಾಡಿ ಹಾದುಹೋದಾಗಲೆಲ್ಲ ಇಡೀ ಕೋಣೆ ನಡುಗುತ್ತಿತ್ತು. ದೊಡ್ಡ ಮನೆ ಕಟ್ಟಿಸಿಕೊಡುತ್ತೇವೆಂದು ಸಭೆಯ ಹಿರಿಯರು ಎಷ್ಟು ಬೇಡಿಕೊಂಡರೂ ಅಯ್ಯನವರು ನಕ್ಕು ಸುಮ್ಮನಾಗುತ್ತಿದ್ದರು.

ಹಳಿ ಹಾಕುವ ಕೆಲಸಕ್ಕೆಂದು ತೆಲುಗು ಸೀಮೆಯಿಂದ ಬಂದ ಕೂಲಿಗಳೇ ಈ ಸಭೆಯನ್ನು ಕಟ್ಟಿದವರು. ಅಯ್ಯನವರೂ ಅವರ ಜೊತೆ ಜಲ್ಲಿ ಹೊತ್ತು ಬಂದವರೇ. ಹಗಲು ಕೆಲಸ, ಸಂಜೆ ಡೇರೆಯಲ್ಲಿ ಪ್ರಾರ್ಥನೆ. ಹಳಿ ಮುಂದೆ ಹೋದಂತೆ ಪ್ರಾರ್ಥನೆಯೂ ಮುಂದೆ ಹೋಯಿತು. ಯಾವ ಗ್ಯಾಂಗು ಯಾವ ಊರಿಗೆ ವರ್ಗವಾಯಿತೋ ಆ ಊರಿನಲ್ಲಿ ಒಂದು ಸಭೆ ಹುಟ್ಟಿತು. ಅಯ್ಯನವರ ಪ್ರೀತಿ ಕಂಡು ಊರಿನ ಕನ್ನಡದವರೂ ಬಂದು ಸೇರಿದರು, ದೀಕ್ಷಾಸ್ನಾನ ಪಡೆದರು. ಆದರೆ ಸತ್ಯವೇದ ಓದುವುದು, ಹಾಡುವುದು, ಮದುವೆ, ಮಣ್ಣು ಎಲ್ಲವೂ ತೆಲುಗಿನಲ್ಲೇ. ಪರಸ್ಥಳಕ್ಕೆ ಬಂದವರು ಉಳಿಸಿಕೊಂಡದ್ದು ಆ ಒಂದು ನುಡಿಯನ್ನು. ಅದನ್ನೂ ಬಿಡುವುದೆಂದರೆ ಅವರಿಗೆ ಜೀವ ಹೋದಂತೆ. ಕನ್ನಡದವರು ಹಿಂದೆ ಕುಳಿತು ರಾಗ ಕಲಿತರು. ಅರ್ಥ ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಕೇಳಿದವಳು ಫಕೀರವ್ವ.

ಅವಳು ಗ್ಯಾಂಗ್‌ಮನ್ ದುರ್ಗಪ್ಪನ ಹೆಂಡತಿ. ಗಂಡನೊಂದಿಗೆ ಸಭೆಗೆ ಸೇರಿ, ಬಂಧುಬಳಗದ ಕೈಲಿ ಬೈಸಿಕೊಂಡು, ತವರಿನ ಬಾಗಿಲು ಮುಚ್ಚಿಸಿಕೊಂಡವಳು. ಒಬ್ಬಳೇ ಮಗಳು, ನೀಲವ್ವ. ಇನ್ನೂ ಹಾಲುಹಲ್ಲು ಬಿದ್ದಿರದ ಆ ಕೂಸು ವಿಷಮಜ್ವರಕ್ಕೆ ತೀರಿಕೊಂಡಿತು. ಅಯ್ಯನವರು ಆಗ ಲೈನಿನ ಆ ತುದಿಯ ಹೊಸ ಸಭೆಗೆ ಹೋಗಿದ್ದರು. ಮಣ್ಣು ಮಾಡಿಸಲು ಬಂದವರು ಹಿರಿಯ ಪ್ರಕಾಶಂ. ಗುಂಡಿಯ ಅಂಚಿನಲ್ಲಿ ನಿಂತು ಅವರು ತೆಲುಗಿನಲ್ಲಿ ಬಹಳ ಹೊತ್ತು ಪ್ರಾರ್ಥಿಸಿದರು. ಫಕೀರವ್ವ ಕಿವಿ ನೆಟ್ಟು ಕೇಳಿದಳು. ಒಂದೇ ಒಂದು ಮಾತಿಗಾಗಿ ಕಾದಳು. ಮಣ್ಣು ಬಿತ್ತು, ಜನ ತಿರುಗಿದರು. ಅವಳು ಹಿರಿಯರಿಗೆ ಅಡ್ಡ ನಿಂತಳು.

"ನನ್ನ ಮಗಳ ಹೆಸರ ತಗೊಂಡ್ರೇನ್ರಿ ಅದರಾಗ? ಏನಂತ ಕೇಳ್ಕೊಂಡ್ರಿ?"

ಪ್ರಕಾಶಂ ಟವೆಲಿನಿಂದ ಬೆವರು ಒರೆಸಿಕೊಂಡರು. "ಪ್ರಾರ್ಥನೆ ಮಾಡಿದ್ದು ದೇವರಿಗೆ, ನಿನಗಲ್ಲವಮ್ಮ. ಅವನಿಗೆ ತಿಳಿಯುತ್ತದೆ. ಮನೆಗೆ ಹೋಗು."

ಆ ಮಾತು ಫಕೀರವ್ವನ ಎದೆಯಲ್ಲಿ ಕೆಂಡದಂತೆ ಉಳಿಯಿತು. ಅವಳು ಅಳಲಿಲ್ಲ. ರೊಟ್ಟಿ ತಟ್ಟುವಾಗ ಮರದ ಪರಾತದಂಥ ಕೊಣಮಿಗೆ ಸಿಡಿಯುವಂತೆ ತಟ್ಟಿದಳು; ಬಟ್ಟೆ ಒಗೆಯುವಾಗ ಕಲ್ಲಿಗೆ ಹೊಡೆದು ಹರಿದಳು. ಸಮಾಧಾನ ಹೇಳಲು ಬಂದ ಹೆಂಗಸರನ್ನು ಹೊಸ್ತಿಲಿನಿಂದಲೇ ಅಟ್ಟಿದಳು. ಗಂಡ ಸಭೆಗೆ ಕರೆದರೆ, "ಯಾರದೋ ಭಾಷಾದಾಗ ಯಾರಿಗೋ ಏನೋ ಹೇಳಾಕ ನೀ ಹೋಗು" ಎನ್ನುವಳು. ತನ್ನ ಮಗಳು ಗುರುತಿಲ್ಲದವರ ನಡುವೆ, ಹೆಸರಿಲ್ಲದೆ, ಯಾವುದೋ ಬಾಗಿಲಲ್ಲಿ ನಿಂತಿದ್ದಾಳೆ ಎಂಬ ಚಿತ್ರ ಅವಳನ್ನು ಕಣ್ಣು ಮುಚ್ಚಗೊಡಲಿಲ್ಲ.

ಅದೇ ಸುಮಾರಿಗೆ ಕರಡಿಕಟ್ಟೆಯಲ್ಲಿ ಸಭೆಗೆ ಕಲ್ಲಿನ ಹೊಸ ದೇವಾಲಯ ಸಿದ್ಧವಾಯಿತು. ಪ್ರತಿಷ್ಠೆಯ ದಿನ ಲೈನಿನುದ್ದಕ್ಕೂ ಇದ್ದ ಸಭೆಗಳ ಹಿರಿಯರೆಲ್ಲ ರೈಲಿನಲ್ಲಿ ಬಂದಿಳಿದರು. ಅಯ್ಯನವರು ಮುಂದೆ ನಿಂತು, ಕಣ್ಣು ಮುಚ್ಚಿ, ತಮ್ಮ ಮೃದುವಾದ ತೆಲುಗಿನಲ್ಲಿ ಪ್ರಾರ್ಥಿಸುತ್ತಿದ್ದರು. ಸಭೆಯೆಲ್ಲ ತಲೆತಗ್ಗಿಸಿತ್ತು. ಆಗ ಫಕೀರವ್ವ ಬಾಗಿಲಿನಿಂದ ನೆಟ್ಟಗೆ ನಡುದಾರಿಯಲ್ಲಿ ನಡೆದು ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ.

"ನಿಂದರಸ್ರಿ!"

ಅಯ್ಯನವರು ಕಣ್ಣು ತೆರೆದರು.

"ಸಮಾಧಾನ ಅಂತ ಹೆಸರಿಟಗೊಂಡೀರಿ. ಯಾರಿಗ್ರಿ ಸಮಾಧಾನ? ನಮ್ಮ ನೀರ ಕುಡದ್ರಿ, ನಮ್ಮ ಜ್ವಾಳ ಉಂಡ್ರಿ, ನಮ್ಮ ಮಂದೀನ ಕರಕೊಂಡ್ರಿ, ಆದ್ರ ನಮ್ಮ ಒಂದ ಮಾತ ನಿಮಗ ಬ್ಯಾಡಾತು! ನನ್ನ ಕೂಸಿನ ಮ್ಯಾಲೆ ಏನ ಓದಿದ್ರಿ? ಹರಕಿಯೋ ಬೈಗಳೋ ನನಗ ಹೆಂಗ ಗೊತ್ತಾಗಬೇಕು?"

"ಹೊರಗೆ ಹಾಕಿ ಇವಳನ್ನು!" ಪ್ರಕಾಶಂ ಎದ್ದು ಕೂಗಿದರು. "ಪ್ರತಿಷ್ಠೆಯ ದಿನ ಅಪವಿತ್ರ ಮಾಡುತ್ತಿದ್ದಾಳೆ!" ದುರ್ಗಪ್ಪ ನಾಚಿಕೆಯಿಂದ ಕುಗ್ಗಿ ಹೆಂಡತಿಯ ರಟ್ಟೆ ಹಿಡಿದೆಳೆದ. ಅವಳು ಕೊಡವಿಕೊಂಡಳು.

ಅಯ್ಯನವರು ಕೈ ಎತ್ತಿದರು. ಗದ್ದಲ ನಿಂತಿತು. ಅವರು ಮೆಟ್ಟಿಲಿಳಿದು ಅವಳ ಎದುರು ಬಂದರು. ಅಷ್ಟು ವರ್ಷ ಈ ನಾಡಿನಲ್ಲಿದ್ದರೂ ಅವರಿಗೆ ಬರುತ್ತಿದ್ದ ಕನ್ನಡ ನೀರು ಕೇಳಲು, ದಾರಿ ಕೇಳಲು ಸಾಲುವಷ್ಟೇ. ಮಾತಿಗಾಗಿ ತಡಕಾಡಿದರು. ಕಡೆಗೆ ಹೇಳಿದರು:

"ತಾಯಿ. ನೀನು ಪ್ರಾರ್ಥನೆ ಮಾಡು."

ಹಾಗೆಂದು, ಆ ವೃದ್ಧರು ಅವಳ ಮುಂದೆ ಬರಿಯ ಕಲ್ಲಿನ ನೆಲಕ್ಕೆ ಮೊಣಕಾಲೂರಿದರು.

"ನನಗ ಬರಂಗಿಲ್ಲ," ಎಂದಳು ಫಕೀರವ್ವ.

ಅವರು ಏಳಲಿಲ್ಲ.

"ಏಳ್ರಿ ಅಯ್ಯನೋರ. ನನಗ ಪಾಪ ಹಚ್ಚಬ್ಯಾಡ್ರಿ."

ಅವರು ತಲೆ ಎತ್ತಲೂ ಇಲ್ಲ. ಆ ಮೌನ ಅವಳ ಸಿಟ್ಟನ್ನು ಇನ್ನೂ ಕೆರಳಿಸಿತು. ಬೈದರೆ ತಿರುಗಿ ಬೈಯುತ್ತಾರೆ, ತಳ್ಳುತ್ತಾರೆ ಎಂದು ಬಂದವಳು ಅವಳು. ತಳ್ಳುವವರಿಲ್ಲದೆ ಹೋದಾಗ ಆ ಸಿಟ್ಟೆಲ್ಲ ಮೇಲಕ್ಕೆ ತಿರುಗಿತು. ಹೊಸ ಮಾಡಿನ ಕಡೆ ಮುಖವೆತ್ತಿ ಕೂಗಿದಳು:

"ಏ ಯೇಸುಸ್ವಾಮಿ! ನಿನಗ ಕನ್ನಡ ತಿಳೀತದೋ ಇಲ್ಲೋ? ತಿಳದ್ರ ಕೇಳು. ನಿನ್ನ ನಂಬಿ ತವರುಮನಿ ಬಿಟ್ಟೆ. ಹಿಂದಿನ ಸಾಲಿನಾಗ ಕುಂತೆ. ತಿಳೀದ ಹಾಡು ಹಾಡಿದೆ. ನೀ ಏನ ಮಾಡ್ದಿ? ನೀಲವ್ವ ನೀರ ನೀರ ಅಂತ ಬಾಯಿ ಬಿಟ್ಟಾಗ ಎಲ್ಲಿ ಹೋಗಿದ್ದಿ? ಸತ್ತವರನ್ನ ಎಬ್ಬಿಸಾಂವ ಅಂತಾರ ನಿನಗ. ನನ್ನ ಕೂಸು ಭಾರ ಆತೇನ? ನೀನೂ ಅವ್ವನ ಹೊಟ್ಟ್ಯಾಗ ಹುಟ್ಟಿದಾಂವ, ನಿನಗ ಕರುಳಿಲ್ಲೇನ? ಕೇಳು, ಆಕಿ ಹೆಸರ ನೀಲವ್ವ! ಕತ್ತಲಿಗಿ ಅಂಜತಾಳ. ತಲಿ ಸವರದಿದ್ರ ನಿದ್ದಿ ಮಾಡಂಗಿಲ್ಲ. ಇದನ್ನ ನಿನಗ ಯಾರೂ ಹೇಳಲಿಲ್ಲ, ಅದಕ್ಕ ನಾ ಹೇಳಾಕ ಬಂದೀನಿ. ಆಮೆನ್ ಅನ್ನಂಗಿಲ್ಲ ನಾ. ನಿನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ ನನಗ!"

ಉಸಿರು ಸಾಲದೆ ನಿಂತಳು. ಹಿರಿಯರ ಮುಖಗಳು ಕಪ್ಪಿಟ್ಟಿದ್ದವು.

ಅಯ್ಯನವರು ಮೊಣಕಾಲ ಮೇಲೆಯೇ ಇದ್ದು, ಎಲ್ಲರಿಗೂ ಕೇಳುವಂತೆ, "ಆಮೆನ್" ಎಂದರು.

ಆಮೇಲೆ ಹಿಂದಿನ ಸಾಲುಗಳಿಂದ ಒಬ್ಬಳು ಮುದುಕಿ "ಆಮೆನ್" ಎಂದಳು. ಅವಳ ಪಕ್ಕದವಳು. ಅವಳ ಆಚೆಗಿದ್ದ, ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಸಭೆಗೆ ಬಂದಾಗಿನಿಂದ ಮೊದಲ ಸಲ ಒಂದು ಪ್ರಾರ್ಥನೆ ಅರ್ಥವಾದವರು ಅವರೆಲ್ಲ. ಗಂಡಸರು ರುಮಾಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಫಕೀರವ್ವ ಸುತ್ತ ನೋಡಿದಳು, ಅಯ್ಯನವರ ಮುಖ ನೋಡಿದಳು. ಆ ಮುಖ ಒದ್ದೆಯಾಗಿತ್ತು. "ನೀಲವ್ವ," ಎಂದು ಅವರು ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು, "ನೀಲವ್ವ." ಆಗ ಅವಳು ನೆಲಕ್ಕೆ ಕುಸಿದು, ಮಗಳು ಸತ್ತ ಮೇಲೆ ಮೊದಲ ಬಾರಿಗೆ ಗೋಳೋ ಎಂದು ಅತ್ತಳು.

ಪ್ರಕಾಶಂ ಸುಮ್ಮನಿರಲಿಲ್ಲ. "ಅಯ್ಯಗಾರೂ, ದೇವರನ್ನು ಬೈದ ಮಾತಿಗೆ ನೀವು ಆಮೆನ್ ಅಂದಿರಿ! ನಮ್ಮ ತಂದೆಗಳ ನುಡಿಯನ್ನು ತೆಗೆದುಹಾಕಿದರೆ ನಾವು ಹೊರಟುಹೋಗುತ್ತೇವೆ!" ಎಂದು ಗುಡುಗಿದರು.

ಅಯ್ಯನವರು ತೆಲುಗಿನಲ್ಲೇ ಉತ್ತರಿಸಿದರು: "ಆಕೆ ದೇವರೊಂದಿಗೆ ಮಾತಾಡಿದಳು. ನಾವು ಬರೀ ನಮ್ಮೊಂದಿಗೇ ಮಾತಾಡಿಕೊಳ್ಳುತ್ತಿದ್ದೆವು."

ಕೆಲವರು ನಿಜವಾಗಿಯೂ ಹೊರಟುಹೋದರು. ಲೈನಿನುದ್ದಕ್ಕೂ ವರ್ಷಗಟ್ಟಲೆ ಜಗಳವಾಯಿತು. ಇನ್ನು ಕನ್ನಡದಲ್ಲೂ ಪ್ರಾರ್ಥನೆ ನಡೆಯಬೇಕೆಂದ ಅಯ್ಯನವರು ಜಗ್ಗಲಿಲ್ಲ. ಆ ಇಳಿವಯಸ್ಸಿನಲ್ಲಿ ಕನ್ನಡ ಕಲಿಯಲು ಕುಳಿತರು. ಕಲಿಸಿದವಳು ಅಕ್ಷರವಿಲ್ಲದ ಫಕೀರವ್ವ. ಪ್ರಸಂಗದ ನಡುವೆ ತಪ್ಪು ನುಡಿದರೆ ಅವಳು ಕುಳಿತಲ್ಲಿಂದಲೇ, "ಹಂಗಲ್ರಿ ಅಯ್ಯನೋರ!" ಎಂದು ಗದರುವಳು. ಅವರು ಕೈಮುಗಿದು ಆ ಮಾತನ್ನು ಮತ್ತೆ ಹೇಳುವರು. ಸಭೆ ಹಳಿಯನ್ನು ದಾಟಿ ಎರೆಹೊಲದ ನಡುವಿನ ಹಳ್ಳಿಗಳನ್ನು ಹೊಕ್ಕಿದ್ದು ಅಂದಿನಿಂದ. ಅಯ್ಯನವರು ನಡೆದಲ್ಲೆಲ್ಲ ಫಕೀರವ್ವನೂ ನಡೆದಳು. ಅವರು ಕರ್ತನಲ್ಲಿ ನಿದ್ರೆಹೋದ ಮೇಲೆ ಒಬ್ಬಳೇ ನಡೆದಳು.

ಅವಳ ನಾಲಗೆ ಕಡೆಯವರೆಗೂ ಹರಿತವಾಗಿಯೇ ಇತ್ತು. ಯಾವ ಹಳ್ಳಿಯಲ್ಲಾದರೂ ಮಗು ಕಳೆದುಕೊಂಡ ತಾಯಿ ಮಾತೇ ಹೊರಡದೆ ಗೋಡೆಗೆ ಒರಗಿದ್ದರೆ, ಫಕೀರವ್ವ ಹೋಗಿ ಅವಳ ಪಕ್ಕದಲ್ಲಿ ಕೂರುತ್ತಿದ್ದಳು. ಸತ್ಯವೇದದ ವಚನ ಹೇಳುತ್ತಿರಲಿಲ್ಲ, ಕಣ್ಣೊರೆಸಿಕೋ ಎನ್ನುತ್ತಿರಲಿಲ್ಲ. ಅವಳ ಕೈ ಹಿಡಿದು ಇಷ್ಟೇ ಹೇಳುತ್ತಿದ್ದಳು:

"ಮೊದಲ ಬೈದುಬಿಡು ತಂಗಿ. ಆಂವ ಕೇಳತಾನ."